ಬೆಂಕಿಯ ದಿನ ಬಂದವರು

2019ರ ಫೆಬ್ರುವರಿ 23, ಶನಿವಾರ. ಆ ದಿನ ಬೆಂಗಳೂರಿನವರ ಕಣ್ಣೆಲ್ಲ ಯಲಹಂಕದ ಮೇಲಿತ್ತು. ವೈಮಾನಿಕ ಪ್ರದರ್ಶನ ನೋಡಲು ಬಂದವರು ಬಯಲಿನಲ್ಲಿ ನಿಲ್ಲಿಸಿದ್ದ ಸುಮಾರು 300 ಕಾರುಗಳು ಒಂದರ ಬೆನ್ನಿಗೊಂದು ಹೊತ್ತಿ ಕರಕಲಾದವು. ಅದೇ ಹೊತ್ತಿಗೆ ಬಂಡೀಪುರದ ಕಾಡು ಉರಿಯತೊಡಗಿ ಮೂರನೇ ದಿನವಾಗಿತ್ತು. ಕುಂದಕೆರೆ ವಲಯದಲ್ಲಿ ಕಾಣಿಸಿಕೊಂಡ ಬೆಂಕಿ ಗಾಳಿ ಹಿಡಿದು ಗೋಪಾಲಸ್ವಾಮಿ ಬೆಟ್ಟದ ವಲಯಕ್ಕೆ ನುಗ್ಗಿತ್ತು. ಐದು ದಿನಗಳಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತೆಂದು ಆಮೇಲೆ ಉಪಗ್ರಹದ ಚಿತ್ರಗಳಿಂದ ಲೆಕ್ಕ ಸಿಕ್ಕಿತು. 25ರಂದು ಸೂಲೂರಿನ ವಾಯುನೆಲೆಯಿಂದ ಎರಡು ಹೆಲಿಕಾಪ್ಟರುಗಳು ಬಂದು, ದೊಡ್ಡ ಚೀಲದಲ್ಲಿ ನೀರು ಎತ್ತಿ ತಂದು ಬೆಂಕಿಯ ಮೇಲೆ ಸುರಿದವು.

ಹೆಲಿಕಾಪ್ಟರು ಬರುವ ಮೊದಲೇ ಜನ ಬಂದಿದ್ದರು. ಕಾಡು ಉಳಿಸಲು ಕೈಲಾದವರು ಬನ್ನಿ ಎಂಬ ಕರೆ ಮೊಬೈಲಿನಿಂದ ಮೊಬೈಲಿಗೆ ಹಬ್ಬಿತ್ತು. ಮೈಸೂರು, ಬೆಂಗಳೂರು, ಗುಂಡ್ಲುಪೇಟೆಗಳಿಂದ ಕಾಲೇಜು ಹುಡುಗರು, ಪರಿಸರ ಸಂಘಟನೆಯವರು, ವಾರವಿಡೀ ಕಂಪ್ಯೂಟರ್ ಮುಂದೆ ಕೂರುವವರು, ಎಲ್ಲರೂ ಹೊರಟರು. ನೀರಿನ ಬಾಟಲಿ, ಮಜ್ಜಿಗೆ, ಹಣ್ಣು, ಬಿಸ್ಕತ್ತು, ಓಆರ್‌ಎಸ್ ಪೊಟ್ಟಣ ತುಂಬಿದ ವಾಹನಗಳು ಹೋದವು. ಬೆಂಗಳೂರಿನಿಂದ ಹೊರಟವರು ರಾಮನಗರ, ಚನ್ನಪಟ್ಟಣ ದಾಟಿ, ನಮ್ಮ ಬೈರಾಪಟ್ಟಣದ ಸೀಮೆಯ ಮೇಲೇ ಮೈಸೂರು ದಾರಿ ಹಿಡಿದು ಹೋಗಬೇಕು.

ಅವರ ಒಳ್ಳೆಯತನದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ರಜೆಯ ದಿನ ಹೊಗೆ ಕುಡಿಯಲು ಇನ್ನೂರು ಕಿಲೋಮೀಟರ್ ಹೋಗುವುದೆಂದರೆ ಸುಮ್ಮನೆಯಲ್ಲ. ಕೂಲಿಯಿಲ್ಲ, ಬಡ್ತಿಯಿಲ್ಲ, ಕಾಡು ಅವರ ಹೆಸರಿನಲ್ಲಿಲ್ಲ. ಆದರೂ ಅದು ಸುಟ್ಟರೆ ತಮ್ಮದೇನೋ ಸುಟ್ಟಂತೆ ಅವರಿಗೆ ಅನ್ನಿಸಿತು. ಒಂದು ನಾಡಿನಲ್ಲಿ ಹೀಗೆ ಅನ್ನಿಸುವ ಯುವಕರು ಇರುವುದು ದೊಡ್ಡ ಮಾತು. ಆದರೂ ಈ ಪ್ರಕರಣವನ್ನು ಇಷ್ಟಕ್ಕೇ ಮುಗಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ನೆರವಿಗೆಂದು ಹೋದವನಿಗೆ ಅಲ್ಲಿ ಮೊದಲು ಎದುರಾಗುವುದು ತನ್ನ ಜೀವ ಉಳಿಸಿಕೊಳ್ಳುವ ಕೆಲಸ. ಅದು ಗೊತ್ತಿಲ್ಲದೆ ಹೋದವನು ಯಾರ ಹೆಗಲ ಮೇಲೆ ಬೀಳುತ್ತಾನೆ ಎಂಬುದನ್ನು ನಾವು ಕೇಳಿಕೊಳ್ಳುವುದೇ ಇಲ್ಲ.

ಕಾಡಿನ ಬೆಂಕಿಯನ್ನು ಟಿವಿಯಲ್ಲಿ ನೋಡಿದವರಿಗೆ ಅದು ದೂರದ ಕೆಂಪು ಗೆರೆ. ಹತ್ತಿರದಿಂದ ಅದು ಬೇರೆ. ಒಣಹುಲ್ಲಿನ ಬೆಂಕಿ ಸಮತಟ್ಟಿನಲ್ಲಿ ಮನುಷ್ಯನ ನಡಿಗೆಯಷ್ಟು ನಿಧಾನವಾಗಿಯೂ ಬರಬಹುದು, ಗಾಳಿ ತಿರುಗಿದರೆ ಓಟಕ್ಕಿಂತ ಜೋರಾಗಿಯೂ ಬರಬಹುದು. ಏರಿನಲ್ಲಂತೂ ಕಡಿದಾಗುವ ಪ್ರತಿ 10 ಡಿಗ್ರಿಗೂ ಅದರ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಜ್ವಾಲೆಯ ಕಾವು ಮೇಲಿನ ಹುಲ್ಲನ್ನು ಮೊದಲೇ ಒಣಗಿಸಿ ಹದಗೊಳಿಸಿರುತ್ತದೆ. ಮನುಷ್ಯ ಏರಿನಲ್ಲಿ ನಿಧಾನವಾಗುತ್ತಾನೆ, ಬೆಂಕಿ ಚುರುಕಾಗುತ್ತದೆ. ಹೊಸಬನಿಗೆ ಭಯವಾದಾಗ ಕಾಲು ಹೋಗುವುದು ಮೇಲಕ್ಕೇ, ಅಲ್ಲಿಂದ ದಾರಿ ಕಾಣಬಹುದೆಂಬ ಆಸೆಯಿಂದ.

ಬಂಡೀಪುರದಲ್ಲಿ ಇದರ ಜೊತೆಗೆ ಲಂಟಾನ. ಆಳೆತ್ತರ, ಕೆಲವು ಕಡೆ ಅದಕ್ಕೂ ಮೀರಿ ಬೆಳೆದ ಮುಳ್ಳಿನ ಪೊದೆ. ಆ ಹೊತ್ತಿಗೆ ಕೆಲವು ವರ್ಷಗಳ ಹಿಂದಷ್ಟೇ ಬಿದಿರು ಹೂ ಬಿಟ್ಟು ಮೆಳೆಮೆಳೆಯೇ ಸತ್ತಿತ್ತು. ತೆರವಾದ ಜಾಗಕ್ಕೂ ಲಂಟಾನವೇ ನುಗ್ಗಿತು, ಸತ್ತ ಬಿದಿರು ಸೌದೆಯಾಗಿ ನಿಂತಿತು. ಹಸಿ ಇದ್ದರೂ ಲಂಟಾನ ಧಗಧಗ ಉರಿಯುತ್ತದೆ, ನೆಲದ ಬೆಂಕಿಯನ್ನು ಮರದ ತಲೆಗೆ ಏರಿಸುತ್ತದೆ. ಅದರ ಸಂದಿನಲ್ಲಿ ಪ್ರಾಣಿ ಓಡಾಡಿ ಬಿಟ್ಟ ಕಾಲುದಾರಿ ಬಿಟ್ಟರೆ ಬೇರೆ ದಾರಿಯಿಲ್ಲ. ಹೊಗೆ ತುಂಬಿದ ಮೇಲೆ ಹತ್ತು ಮಾರು ಆಚೆ ನಿಂತ ಜೊತೆಗಾರ ಕಾಣುವುದಿಲ್ಲ. ಮೊಬೈಲಿಗೆ ಸಿಗ್ನಲ್ ಇಲ್ಲ. ಹೊಗೆಯಲ್ಲಿರುವ ವಿಷಾನಿಲ ತಲೆಗೇರಿದರೆ ದಿಕ್ಕು ತಪ್ಪುತ್ತದೆ, ತಾನು ದಿಕ್ಕು ತಪ್ಪಿದ್ದೇನೆ ಎಂಬುದೂ ಗೊತ್ತಾಗುವುದಿಲ್ಲ. ಆ ಸೆಕೆಯಲ್ಲಿ ದುಡಿಯುವ ದೇಹ ಗಂಟೆಗೆ ಒಂದು ಲೀಟರಿಗೂ ಹೆಚ್ಚು ಬೆವರು ಕಳೆದುಕೊಳ್ಳುತ್ತದೆ. ಅಂಗಡಿಯಲ್ಲಿ ಚೆಂದ ಕಂಡು ಕೊಂಡ ನೈಲಾನ್ ಟೀಶರ್ಟು ಕಾವಿಗೆ ಕರಗಿ ಮೈಗೆ ಅಂಟುತ್ತದೆ. ಇದೇ ಬೆಂಕಿಗೆ ಹೆದರಿ ಆನೆಗಳೂ ಅದೇ ಕಾಲುದಾರಿಯಲ್ಲಿ ಬರುತ್ತಿರುತ್ತವೆ.

ಈ ಕಾಡಿನೊಳಗೆ ಬೆಂಕಿ ಆರಿಸುವ ಕೆಲಸ ನಡೆಯುವುದು ಹೇಗೆ? ಬಹುಪಾಲು ಹಸಿ ಸೊಪ್ಪಿನಿಂದ. ಎಲೆ ದಟ್ಟವಾಗಿರುವ, ಕೈಗೆ ಹಿಡಿತ ಸಿಗುವ ಕೊಂಬೆಯೊಂದನ್ನು ಮುರಿದುಕೊಂಡು, ಬೆಂಕಿಯ ಎದುರಿಗೆ ಹೋಗದೆ ಅದರ ಬಾಲದ ಕಡೆಯಿಂದ ಅಂಚು ಹಿಡಿದು ಬಡಿಯುತ್ತ ಸಾಗಬೇಕು. ಕೊಂಬೆಯನ್ನು ಎತ್ತಿ ಬೀಸಿದರೆ ಗಾಳಿಯಾಡಿ ಕಿಡಿ ಹಾರುತ್ತದೆ. ಅದನ್ನು ನೆಲಕ್ಕೆ ಒತ್ತಿ, ಸುಟ್ಟ ಕಡೆಗೆ ಸವರಿದಂತೆ ಎಳೆಯಬೇಕು. ಒಂದು ಕಾಲು ಯಾವಾಗಲೂ ಸುಟ್ಟ ನೆಲದ ಹತ್ತಿರವೇ ಇರಬೇಕು, ಏಕೆಂದರೆ ಒಮ್ಮೆ ಸುಟ್ಟದ್ದು ಮತ್ತೆ ಸುಡುವುದಿಲ್ಲ. ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗಬೇಕು. ಮುಂದಿನವನು ಬಿಟ್ಟದ್ದನ್ನು ಹಿಂದಿನವನು ಬಡಿಯಬೇಕು. ಜ್ವಾಲೆ ಆರಿದ ಮೇಲೂ ಕೆಲಸ ಮುಗಿಯುವುದಿಲ್ಲ: ಬಿದ್ದ ಮರದ ದಿಮ್ಮಿ, ಮೋಟು, ಒಣಗಿದ ಆನೆ ಲದ್ದಿ ಒಳಗೊಳಗೇ ಕನಲುತ್ತಿರುತ್ತವೆ. ಕನಲುವ ಲದ್ದಿಯುಂಡೆಯೊಂದು ಗಾಳಿಗೆ ಉರುಳಿ ಇಳಿಜಾರಿನ ಆಚೆ ಹುಲ್ಲಿಗೆ ಬಿದ್ದರೆ ಆರಿಸಿದ ಅಷ್ಟೂ ಶ್ರಮ ವ್ಯರ್ಥ. ಆದ್ದರಿಂದ ಎಲ್ಲರೂ ಫೋಟೊ ತೆಗೆಸಿಕೊಂಡು ಹೊರಟ ಮೇಲೂ ಒಂದಿಬ್ಬರು ಎರಡು ಮೂರು ದಿನ ಅಲ್ಲೇ ಇದ್ದು ಬೂದಿ ಕೆದಕುತ್ತ ಕಾಯಬೇಕು.

ಹಾಗೆ ಕಾಯುವವರನ್ನು ಅರಣ್ಯ ಇಲಾಖೆಯ ಭಾಷೆಯಲ್ಲಿ ಫೈರ್ ವಾಚರ್ ಎನ್ನುತ್ತಾರೆ. ಬೇಸಿಗೆಯ ನಾಲ್ಕಾರು ತಿಂಗಳಿಗೆ ದಿನಗೂಲಿಯ ಮೇಲೆ ತೆಗೆದುಕೊಳ್ಳುವ ಬೆಂಕಿ ಕಾವಲುಗಾರರು. ಬಂಡೀಪುರದಲ್ಲಿ ಅವರಲ್ಲಿ ಅನೇಕರು ಜೇನುಕುರುಬರು, ಸೋಲಿಗರು, ಕಾಡಂಚಿನ ಊರುಗಳ ಬಡವರು. ಯಾವ ಹಳ್ಳದಲ್ಲಿ ನೀರಿದೆ, ಯಾವ ಗುಡ್ಡದ ಹಿಂದೆ ಮಧ್ಯಾಹ್ನ ಗಾಳಿ ತಿರುಗುತ್ತದೆ, ಯಾವ ಕಡೆ ಹೋದರೆ ಬಂಡೆ ಸಿಗುತ್ತದೆ ಎಂಬುದು ಅವರಿಗೆ ಗೊತ್ತು.

ಈಗ ಲೆಕ್ಕ ಹಾಕಿ ನೋಡಿ. ಹೊಸಬರ ಗುಂಪೊಂದು ಒಳಗೆ ಹೋಯಿತು. ಅವರ ಜೊತೆ ಒಬ್ಬ ಕಾವಲುಗಾರನನ್ನಾದರೂ ಕಳಿಸಲೇಬೇಕು; ಅಷ್ಟು ಹೊತ್ತು ಅವನು ಬೆಂಕಿಗೆ ಸಿಗುವುದಿಲ್ಲ. ಒಬ್ಬ ಹುಡುಗ ನೀರಿಲ್ಲದೆ ತಲೆಸುತ್ತಿ ಕುಳಿತರೆ ಅವನನ್ನು ರಸ್ತೆಗೆ ಮುಟ್ಟಿಸಲು ಇಬ್ಬರು ಬೇಕು. ಗುಂಪಿನಿಂದ ಒಬ್ಬ ತಪ್ಪಿಸಿಕೊಂಡರೆ ಆ ಬದಿಯ ಬೆಂಕಿಯನ್ನೇ ಬಿಟ್ಟು ಎಲ್ಲರೂ ಹುಡುಕಬೇಕು. ಬಂದವನ ಮನಸ್ಸು ಎಷ್ಟೇ ದೊಡ್ಡದಿರಲಿ, ಅವನ ಜೀವದ ಹೊಣೆ ಹೊತ್ತವನು ದಿನಕ್ಕೆ ಇಷ್ಟು ಎಂದು ಕೂಲಿ ಎಣಿಸುವ ಕಾವಲುಗಾರ. ಹೆಚ್ಚುಕಡಿಮೆಯಾದರೆ ನಾಳೆ ಉತ್ತರ ಹೇಳಬೇಕಾದವನೂ ಅವನೇ. ನೆರವು ಕೊಡುವವನು ಪಡೆಯುವವನಿಂದ ಮೊದಲು ಸಾಲ ಪಡೆದಿರುತ್ತಾನೆ. ಇದನ್ನು ಒಪ್ಪಿಕೊಂಡು ಹೋದವನಿಗೂ ಒಪ್ಪದೆ ಹೋದವನಿಗೂ ನಡತೆಯಲ್ಲೇ ವ್ಯತ್ಯಾಸವಿರುತ್ತದೆ. ಒಪ್ಪಿದವನು ಹಿಂದೆ ನಡೆಯುತ್ತಾನೆ, ಕೇಳಿ ಮುಂದಡಿ ಇಡುತ್ತಾನೆ, ಬೇಡವೆಂದರೆ ರಸ್ತೆಬದಿಯಲ್ಲಿ ನೀರಿನ ಕ್ಯಾನು ಇಳಿಸುವ ಕೆಲಸಕ್ಕೂ ನಿಲ್ಲುತ್ತಾನೆ. ಬಂಡೀಪುರಕ್ಕೆ ಹೋದವರಲ್ಲಿ ಅಂಥವರೂ ಇದ್ದರು. ನಿಜವಾಗಿ ಉಪಯೋಗಕ್ಕೆ ಬಂದವರು ಅವರೇ.

ಅಮೆರಿಕದ ಮೊಂಟಾನದಲ್ಲಿ 1949ರ ಆಗಸ್ಟ್ 5ರಂದು ನಡೆದ ಪ್ರಕರಣವೊಂದು ಇಂಥ ಹೊತ್ತಿನಲ್ಲಿ ನೆನಪಾಗುತ್ತದೆ. ಮ್ಯಾನ್ ಗಲ್ಚ್ ಎಂಬ ಕೊರಕಲು. ವಿಮಾನದಿಂದ ಪ್ಯಾರಾಚೂಟಿನಲ್ಲಿ ಇಳಿದು ಕಾಡಿನ ಬೆಂಕಿ ಆರಿಸುವ 15 ಮಂದಿಯ ತಂಡ. ಕೆಳಗೆ ಅವರನ್ನು ಸೇರಿಕೊಂಡ ಕಾವಲುಗಾರ ಒಬ್ಬ. ಬಹುತೇಕ ಎಳೆಯರು. ಎಷ್ಟೋ ಮಂದಿ ಬೇಸಿಗೆ ರಜೆಯಲ್ಲಿ ಕೆಲಸಕ್ಕೆ ಬಂದ ವಿದ್ಯಾರ್ಥಿಗಳು. ಮೇಲಿನಿಂದ ನೋಡಿದಾಗ ಸಾಮಾನ್ಯ ಬೆಂಕಿಯಂತೆ ಕಂಡದ್ದು ಕೊರಕಲನ್ನು ದಾಟಿ ಅವರ ಕೆಳಗಡೆಯಿಂದಲೇ ಏರಿ ಬರತೊಡಗಿತು. ಎಲ್ಲರೂ ಹುಲ್ಲಿನ ಏರು ಹತ್ತಿ ಓಡಿದರು. ತಂಡದ ಮುಖ್ಯಸ್ಥ ವ್ಯಾಗ್ ಡಾಡ್ಜ್, ಕೈಲಿರುವ ಸಲಕರಣೆಯನ್ನೆಲ್ಲ ಬಿಸಾಡಿ ಎಂದ. ಬೆಂಕಿ ಬೆನ್ನಿಗೆ ಬಂದಾಗ ಅವನು ನಿಂತ, ಬೆಂಕಿಕಡ್ಡಿ ಗೀರಿ ತನ್ನ ಮುಂದಿನ ಹುಲ್ಲಿಗೇ ಇಟ್ಟ. ಅದು ಉರಿದು ಮುಂದಕ್ಕೆ ಹೋಯಿತು. ಸುಟ್ಟುಹೋದ ಆ ಕರಿನೆಲದ ಮೇಲೆ, ಒದ್ದೆ ಕರವಸ್ತ್ರ ಮುಖಕ್ಕೊತ್ತಿಕೊಂಡು, ಬೂದಿಯಲ್ಲಿ ಮುಖ ಹುದುಗಿಸಿ ಮಲಗಿದ. ಉಳಿದವರನ್ನೂ ಇಲ್ಲಿಗೇ ಬನ್ನಿ ಎಂದು ಕರೆದ. ಯಾರೂ ಹೋಗಲಿಲ್ಲ. ಬೆಂಕಿಯಿಂದ ಓಡುತ್ತಿರುವಾಗ ಇನ್ನೊಂದು ಬೆಂಕಿ ಹಚ್ಚಿದವನಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಪಕ್ಕದಿಂದಲೇ ಓಡಿಹೋದರು. ದೊಡ್ಡ ಬೆಂಕಿ ಡಾಡ್ಜ್‌ನನ್ನು ಸುತ್ತಿ ಮುಂದೆ ಹೋಯಿತು; ಅವನು ಎದ್ದು ಕುಳಿತ. 13 ಮಂದಿ ಸತ್ತರು. ಅವನಲ್ಲದೆ ಬದುಕಿದವರು ಇಬ್ಬರೇ, ರಮ್ಸೆ ಮತ್ತು ಸ್ಯಾಲಿ. ಏರಿನ ಮೇಲಿದ್ದ ಬಂಡೆಗಳ ಬಿರುಕಿನಲ್ಲಿ ನುಸುಳಿ, ಹುಲ್ಲಿಲ್ಲದ ಕಲ್ಲುರಾಶಿ ಸೇರಿದವರು.

ಈ ಪ್ರಕರಣದ ಮೇಲೆ ಎಷ್ಟೋ ಜನ ಬರೆದಿದ್ದಾರೆ. ನಾರ್ಮನ್ ಮೆಕ್ಲೀನ್ ತಮ್ಮ ಇಳಿವಯಸ್ಸಿನ ವರ್ಷಗಳನ್ನೇ ಇದಕ್ಕೆ ಕೊಟ್ಟರು. ಅವರು ತೀರಿಕೊಂಡ ಮೇಲೆ 1992ರಲ್ಲಿ ಆ ಪುಸ್ತಕ ಬಂತು. ನನ್ನನ್ನು ಹಿಡಿದು ನಿಲ್ಲಿಸುವುದು ಒಂದೇ ಸಂಗತಿ. ಆ ಹುಡುಗರಿಗೆ ಡಾಡ್ಜ್ ಹೆಚ್ಚು ಪರಿಚಯವಿರಲಿಲ್ಲ. ಅವರೆಲ್ಲ ಅವನ ಕೈಕೆಳಗೆ ಒಟ್ಟಾಗಿ ಪಳಗಿದವರಲ್ಲ. ಮಾತು ಕಡಿಮೆಯ ಮನುಷ್ಯ ಅವನು. ಜೀವ ಉಳಿಸುವ ವಿದ್ಯೆ ಅವನ ಕೈಯಲ್ಲಿತ್ತು, ಕರೆದ ದನಿ ಅವರ ಕಿವಿಗೆ ಬೀಳುವಷ್ಟು ಹತ್ತಿರವಿತ್ತು. ಅವನ ಮಾತಿನ ಮೇಲೆ ನಂಬಿಕೆಯಿಟ್ಟು ಬೂದಿಯಲ್ಲಿ ಮಲಗಲು ಬೇಕಾದ ಒಡನಾಟ ಮಾತ್ರ ಇರಲಿಲ್ಲ. ಆ ಒಡನಾಟವನ್ನು ಬೆಂಕಿ ಬಂದ ಮೇಲೆ ಕಟ್ಟಲು ಸಮಯವೆಲ್ಲಿದೆ?

ಈಗ ಬಂಡೀಪುರದ ಕಾವಲುಗಾರನನ್ನು ಡಾಡ್ಜ್‌ನ ಜಾಗದಲ್ಲಿ ನಿಲ್ಲಿಸಿ ನೋಡಿ. ಕಾಲಿಗೆ ಸವೆದ ಚಪ್ಪಲಿ, ಕೈಯಲ್ಲಿ ಮಚ್ಚು. “ಸಾರ್, ಆ ಕಡೆ ಹತ್ತಬೇಡಿ, ಸುಟ್ಟಿರೋ ಕಡೆ ಇಳೀರಿ” ಅನ್ನುತ್ತಾನೆ. ಕೇಳುವವನು ಎಂಜಿನಿಯರಿಂಗ್ ಓದಿದವನು, ನಕ್ಷೆಯನ್ನು ಮೊಬೈಲಿನಲ್ಲಿ ಇಳಿಸಿಕೊಂಡು ಬಂದವನು. ಆ ಕ್ಷಣದಲ್ಲಿ ಅವನು ಆ ಮಾತಿಗೆ ತಲೆಬಾಗುತ್ತಾನೆಯೇ? ಹುಟ್ಟಿದಾಗಿನಿಂದ ಅಂಥವರಿಂದ ‘ಸಾರ್’ ಅನ್ನಿಸಿಕೊಂಡು ಬೆಳೆದವರು ನಾವು. ಕಾಡಿನ ಜನರ ಮಾತು ಕೇಳಿ ನಡೆಯುವ ಅಭ್ಯಾಸ ನಮ್ಮ ಶಾಲೆಯಲ್ಲಿಲ್ಲ, ಕಚೇರಿಯಲ್ಲಿಲ್ಲ, ಮನೆಯಲ್ಲಿಲ್ಲ. ಬೆಂಕಿಯ ದಿನ ಅದು ಎಲ್ಲಿಂದ ಬರಬೇಕು?

ಬಂಡೀಪುರದ ಆ ಬೆಂಕಿಯ ಹಿಂದಿನ ವರ್ಷವೇ ಪಕ್ಕದ ತಮಿಳುನಾಡು ಇದಕ್ಕೆ ದೊಡ್ಡ ಬೆಲೆ ತೆತ್ತಿತ್ತು. 2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿಯ ಬೆಟ್ಟದಲ್ಲಿ ಚಾರಣಕ್ಕೆ ಹೋದವರನ್ನು ಹುಲ್ಲಿನ ಬೆಂಕಿ ಸುತ್ತುವರಿಯಿತು. ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು, ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಆಮೇಲೆ ಹೆಲಿಕಾಪ್ಟರುಗಳು ಬಂದವು, ಕಮಾಂಡೊಗಳು ಬಂದರು. ಮೊದಲು ಬೆಟ್ಟ ಹತ್ತಿ, ಬೆಂದ ಮೈಯವರನ್ನು ಕಂಬಳಿ, ಬಟ್ಟೆಗಳಲ್ಲಿ ಹೊತ್ತು ಕತ್ತಲಲ್ಲಿ ಇಳಿಸಿದವರು ಕೆಳಗಿನ ಊರಿನ ಜನ. ಚಾರಣಕ್ಕೆ ಹೋದವರು ಬೆಂಕಿ ಆರಿಸಲು ಹೋದವರಲ್ಲ, ಆ ಭೇದ ನನಗೆ ಗೊತ್ತಿದೆ. ಆದರೆ ಕಾಡಿಗೆ ಆ ಭೇದ ಗೊತ್ತಿಲ್ಲ.

ಮ್ಯಾನ್ ಗಲ್ಚ್ ಪ್ರಕರಣಕ್ಕೆ ಇನ್ನೊಂದು ಮಗ್ಗುಲಿದೆ. ಡಾಡ್ಜ್‌ಗೆ ಆ ಕ್ಷಣಕ್ಕೆ ಹೊಳೆದ ಉಪಾಯದ ಹತ್ತಿರದ ಬಂಧು ಬಂಡೀಪುರದ ನೆರೆಯಲ್ಲೇ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಬದುಕಿನಲ್ಲಿತ್ತು. ಅವರು ಅದನ್ನು ತರಗು ಬೆಂಕಿ ಎನ್ನುತ್ತಾರೆ. ಬೇಸಿಗೆ ಬಲಿಯುವ ಮುನ್ನ, ನೆಲದಲ್ಲಿ ಇನ್ನೂ ತೇವವಿರುವಾಗ, ಉದುರಿದ ತರಗೆಲೆಗೆ ಅಲ್ಲಲ್ಲಿ ಸಣ್ಣದಾಗಿ ಬೆಂಕಿ ಇಡುವುದು. ಅದು ಮೊಣಕಾಲು ಮೀರದೆ ಸರಸರ ಹರಿದು ಆರುತ್ತದೆ. ಮಾರ್ಚಿ ತಿಂಗಳ ದೊಡ್ಡ ಬೆಂಕಿಗೆ ಸೌದೆ ಉಳಿಯುವುದಿಲ್ಲ, ಹೊಸ ಹುಲ್ಲು ಚಿಗುರುತ್ತದೆ, ಲಂಟಾನದ ಸಸಿ ಎಳೆಯದರಲ್ಲೇ ಸಾಯುತ್ತದೆ, ನೆಲ್ಲಿಮರಕ್ಕೆ ಅಂಟುವ ಉಪ್ಪಿಲು ಎಂಬ ಬಂದಳಿಕೆ ಹತೋಟಿಯಲ್ಲಿರುತ್ತದೆ ಎಂಬುದು ಹಿರಿಯ ಸೋಲಿಗರ ಮಾತು. ಆ ಸಮುದಾಯದವರೇ ಆದ ಸಂಶೋಧಕ ಸಿ. ಮಾದೇಗೌಡರು ಇದನ್ನೆಲ್ಲ ಬರೆದಿಟ್ಟಿದ್ದಾರೆ. 1974ರಲ್ಲಿ ಬೆಟ್ಟ ವನ್ಯಧಾಮವಾದ ಮೇಲೆ ಬೆಂಕಿ ಇಡುವುದು ಅಪರಾಧವಾಯಿತು. ಲಂಟಾನ ಆಮೇಲೆ ಹೇಗೆ ಹಬ್ಬಿತು ಎಂದು ಸೋಲಿಗರನ್ನು ಕೇಳಿದರೆ ಅವರು ಇದೇ ನಿಷೇಧದ ಕಡೆಗೆ ಬೆರಳು ತೋರಿಸುತ್ತಾರೆ.

ಇವತ್ತು ಹಾಗೆಯೇ ಬೆಂಕಿ ಇಟ್ಟರೆ ಸರಿಹೋದೀತೆಂದು ನಾನು ಹೇಳುತ್ತಿಲ್ಲ. ಆಳೆತ್ತರದ ಲಂಟಾನವಿರುವ ಕಡೆ ತರಗು ಬೆಂಕಿಯೂ ಕಾಳ್ಗಿಚ್ಚಾಗುತ್ತದೆ. ಮೊದಲು ಆ ಪೊದೆ ಕೀಳಬೇಕು, ಎಲ್ಲಿ, ಯಾವಾಗ ಎಂಬುದನ್ನು ಬಲ್ಲವರು ಕೂತು ನಿರ್ಧರಿಸಬೇಕು. ಆದರೆ ಆ ಕೂಟದಲ್ಲಿ ಸೋಲಿಗ ಹಿರಿಯನಿಗೆ ಚಾಪೆ ಹಾಕದೆ, ಕಾಡು ಹೊತ್ತಿಕೊಂಡ ದಿನ ಮಾತ್ರ ಅವನ ಮಗನ ಕೈಗೆ ಹಸಿ ಸೊಪ್ಪು ಕೊಟ್ಟು ಮುಂದೆ ಕಳಿಸುವುದು ಅನ್ಯಾಯ. ನೂರು ಕಾರು ತುಂಬ ಜನ ಬಂದರೂ ಆ ಅನ್ಯಾಯದ ಬೆಂಕಿ ಆರುವುದಿಲ್ಲ.

ಬೆಂಕಿ ಹಚ್ಚಿದವರ ಮಾತೂ ಹೀಗೆಯೇ. ನಮ್ಮ ಒಣಕಾಡುಗಳಲ್ಲಿ ತನ್ನಷ್ಟಕ್ಕೆ ಹೊತ್ತಿಕೊಳ್ಳುವ ಬೆಂಕಿ ಅಪರೂಪ. ಯಾರೋ ಒಬ್ಬರ ಕೈ ಇರುತ್ತದೆ: ದನಕ್ಕೆ ಎಳೆಹುಲ್ಲು ಬರಲಿ ಎಂದೋ, ಬೀಡಿಯ ತುಂಡಿನಿಂದಲೋ, ಹುಲಿ ಹಸುವನ್ನು ಕೊಂದ ಸಿಟ್ಟಿಗೋ, ಇಲಾಖೆಯ ಮೇಲಿನ ಹಳೆಯ ಹಗೆಗೋ. ತಪ್ಪು ತಪ್ಪೇ. ಕಾಡಂಚಿನಲ್ಲಿ ಒಬ್ಬನಾದರೂ ಕಾಡು ಸುಟ್ಟರೆ ಸುಡಲಿ ಎನ್ನುವ ಸ್ಥಿತಿಗೆ ಬಂದಿದ್ದಾನೆಂದರೆ, ದೂರದಿಂದ ಬಂದು ಆರಿಸುವವರು ಅವನ ಊರನ್ನು ದಾಟಿಯೇ ಒಳಗೆ ಹೋಗಿರುತ್ತಾರೆ. ಅವನ ಅಂಗಳದಲ್ಲಿ ಒಂದು ಸಲ ಕೂತು ಮಾತಾಡಿದವರು ಎಷ್ಟು ಜನ?

ಇನ್ನು ಸತ್ತವರು. 2017ರ ಫೆಬ್ರುವರಿ 18ರಂದು ಇದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸುತ್ತಿದ್ದ ಅರಣ್ಯ ರಕ್ಷಕ ಮುರುಗೆಪ್ಪ ತಮ್ಮನಗೋಳ ಜ್ವಾಲೆಗೆ ಸಿಕ್ಕಿ ಸತ್ತರು. ಜೊತೆಯವರಿಗೂ ಸುಟ್ಟ ಗಾಯಗಳಾದವು. 2023ರ ಫೆಬ್ರುವರಿಯಲ್ಲಿ ಸಕಲೇಶಪುರದ ಕಡೆಯ ಕಾಡಿನಲ್ಲಿ ಅರಣ್ಯ ರಕ್ಷಕ ಸುಂದರೇಶ್ ಹಾಗೆಯೇ ಹೋದರು. ಇವರು ಪಳಗಿದವರು, ಕಾಡು ಬಲ್ಲವರು, ಇಲಾಖೆಯ ಸಮವಸ್ತ್ರ ತೊಟ್ಟವರು. ಅಂಥವರನ್ನೇ ಗಾಳಿಯ ಒಂದು ತಿರುವು ಬಲಿ ತೆಗೆದುಕೊಂಡಿತು. 2019ರಲ್ಲಿ ಬಂಡೀಪುರಕ್ಕೆ ಹೋದ ನೂರಾರು ಜನ ಮನೆಗೆ ಮರಳಿದ್ದಕ್ಕೆ ನಾವು ಕೃತಜ್ಞರಾಗಿರಬೇಕು. ಮೊದಲ ಋಣ ಅವರನ್ನು ಕಣ್ಣಿನ ಅಳತೆಯಲ್ಲೇ ಇಟ್ಟುಕೊಂಡು ದುಡಿದ ಕಾವಲುಗಾರರದು. ಅವರ ಹೆಸರು ಪತ್ರಿಕೆಯಲ್ಲಿ ಬರಲಿಲ್ಲ.

ಈಗ ನಮ್ಮ ಕಡೆಗೆ ಬರುತ್ತೇನೆ. ಬಂಡೀಪುರಕ್ಕೆ ಹೋಗುವವರು ನಮ್ಮ ಜಿಲ್ಲೆಯ ಬೆಟ್ಟಗಳ ನೆರಳಿನಲ್ಲೇ ಹಾದುಹೋಗುತ್ತಾರೆ. ರಾಮದೇವರ ಬೆಟ್ಟ, ಹಂದಿಗುಂದಿ, ಮಾಗಡಿಯ ಸಾವನದುರ್ಗ, ಕನಕಪುರದ ಕಬ್ಬಾಳು, ಚನ್ನಪಟ್ಟಣದ ತೆಂಗಿನಕಲ್ಲು, ಚಿಕ್ಕಮಣ್ಣುಗುಡ್ಡೆ. ಬೇಸಿಗೆ ಬಂತೆಂದರೆ ಇವುಗಳ ಮೇಲೆ ಒಂದಲ್ಲ ಒಂದು ಕಡೆ ಬೆಂಕಿ ಕಾಣುತ್ತದೆ. ಇಲ್ಲಿ ಹುಲಿ ಯೋಜನೆಯಿಲ್ಲ, ಹೆಲಿಕಾಪ್ಟರು ಬರುವುದಿಲ್ಲ, ಕರೆ ಯಾರ ಮೊಬೈಲಿಗೂ ಹೋಗುವುದಿಲ್ಲ. ಬೆಳಗ್ಗೆ ನೋಡಿದರೆ ಬೆಟ್ಟದ ಮೈ ಅರ್ಧ ಕಪ್ಪಗಿರುತ್ತದೆ, ಊರಿನವರು ಅದನ್ನು ಬೇಸಿಗೆಯ ಲಕ್ಷಣವೆಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಸುಟ್ಟದ್ದು ಬರೀ ಹುಲ್ಲು ಎಂಬ ಸಮಾಧಾನ. ಆ ಹುಲ್ಲಿನ ನಡುವೆ ಜಾಲಾರಿಯ ಸಸಿಗಳಿದ್ದವು. ಚನ್ನಪಟ್ಟಣದ ಗೊಂಬೆಗೆ ಬೇಕಾದ ಹಾಲೆಮರದ ಎಳೆಗಿಡಗಳಿದ್ದವು. ರಾಮದೇವರ ಬೆಟ್ಟದ ಕೋಡುಗಲ್ಲುಗಳಲ್ಲಿ ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟಿ ಮರಿ ಸಾಕುವ ಕಾಲವೂ ಇದೇ. ಅವಕ್ಕಾಗಿಯೇ 2012ರಲ್ಲಿ ಆ ಬೆಟ್ಟವನ್ನು ರಣಹದ್ದು ಧಾಮ ಮಾಡಲಾಯಿತು. ಕಲ್ಲುಗುಡ್ಡದ ಪೊದೆಗಳಲ್ಲಿ ಹಳದಿ ಕತ್ತಿನ ಪಿಕಳಾರವಿದೆ. ದಕ್ಷಿಣ ಭಾರತದ ಇಂಥ ಬಂಡೆಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಅದಕ್ಕೆ ಬೇರೆ ಮನೆಯಿಲ್ಲ.

ಇಲ್ಲಿನ ಹುಡುಗರು ಕೆಲವರು ಬೆಂಕಿ ಕಂಡರೆ ಓಡಿಹೋಗಿ ಸೊಪ್ಪು ಬಡಿಯುವವರಿದ್ದಾರೆ. ಅವರಿಗೆ ಎರಡು ಅಪಾಯ. ಒಂದು ಬೆಂಕಿ, ಇನ್ನೊಂದು ಆನೆ. ತೆಂಗಿನಕಲ್ಲು, ಚಿಕ್ಕಮಣ್ಣುಗುಡ್ಡೆಯ ಕಾಡುಗಳಲ್ಲಿ ಈಗ ಆನೆಗಳು ತಂಗುತ್ತವೆ. 2023ರ ಜೂನಿನಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿರೂಪಸಂದ್ರದಲ್ಲಿ ರೈತರೊಬ್ಬರನ್ನು ಆನೆ ಕೊಂದಿತು. ರಾತ್ರಿ ಬೆಂಕಿ ಕಂಡಿತೆಂದು ಟಾರ್ಚು ಹಿಡಿದು ಹತ್ತುವುದು ಧೈರ್ಯ ಅಲ್ಲ; ಹೆತ್ತವರ ಮುಖ ನೆನೆದಾದರೂ ಅದನ್ನು ಬಿಡಬೇಕು. ಒಂದು ಅನುಕೂಲವೂ ನಮಗಿದೆ. ನಮ್ಮ ಬೆಟ್ಟಗಳಲ್ಲಿ ಹುಲ್ಲು ಹುಟ್ಟದ ಬೋಳು ಹಾಸುಬಂಡೆಗಳು ಧಾರಾಳ. ರಮ್ಸೆ ಮತ್ತು ಸ್ಯಾಲಿಗೆ ಜೀವ ಕೊಟ್ಟದ್ದು ಅಂಥದೇ ಜಾಗ. ಬೆಂಕಿ ಆರಿಸಲು ಹೋಗುವವನು ಮೊದಲು ನೋಡಿಟ್ಟುಕೊಳ್ಳಬೇಕಾದ್ದು ಬೆಂಕಿಯನ್ನಲ್ಲ, ತನಗೆ ಹತ್ತಿರದ ಬಂಡೆ ಯಾವುದು, ಅಲ್ಲಿಗೆ ಪೊದೆಯಿಲ್ಲದ ದಾರಿ ಯಾವುದು ಎಂಬುದನ್ನು. ಇದನ್ನು ಉರಿಯುವ ದಿನ ಹುಡುಕಲಾಗದು. ಅದಕ್ಕೆ ಮುಂಚೆ, ಬೆಟ್ಟ ತಣ್ಣಗಿರುವಾಗ, ಹಗಲಿನಲ್ಲಿ, ದನ ಮೇಯಿಸುವವರ ಜೊತೆ, ಕಾವಲುಗಾರನ ಜೊತೆ ನಡೆದಿರಬೇಕು.

ಆನೆಯಿಂದ ತೆಂಗು, ಬಾಳೆ ಕಳೆದುಕೊಂಡ ರೈತನನ್ನು ಕಾಡು ಉಳಿಸಲು ಬಾ ಎಂದು ಕರೆಯುವುದು ಸುಲಭವಲ್ಲ. ಕರೆದರೆ ಅವನು ನಮ್ಮ ಮುಖ ನೋಡುತ್ತಾನೆ. ಅವನ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆದರೆ ಒಂದು ಜಾಗದಲ್ಲಿ ಅವನ ಹಿತವೂ ಬೆಟ್ಟದ ಹಿತವೂ ಒಂದೇ. ನಮ್ಮ ಸೀಮೆ ಮಾವಿನದು. ಮಾವು ಹೂ ಬಿಡುವುದು, ಈಚುಗಟ್ಟುವುದು, ಬೆಟ್ಟಕ್ಕೆ ಬೆಂಕಿ ಬೀಳುವುದು ಎಲ್ಲ ಒಂದೇ ಕಾಲಕ್ಕೆ. ಕಾಡಿನ ಬದುವಿಗೆ ಅಂಟಿಕೊಂಡ ತೋಟದ ಮೊದಲ ಸಾಲಿಗೆ ಕಾವು ತಗುಲಿದರೆ ಆ ವರ್ಷದ ಹೂ ಕರಕು. ಕಾಡಿಗೂ ತೋಟಕ್ಕೂ ನಡುವೆ ಹುಲ್ಲು ಕೊಯ್ದು, ತರಗು ಗುಡಿಸಿ, ನಾಲ್ಕಾರು ಮಾರು ಅಗಲದ ಬೋಳು ಪಟ್ಟಿ ಬಿಟ್ಟರೆ ಬೆಂಕಿ ಈಚೆಗೆ ಸುಲಭವಾಗಿ ದಾಟುವುದಿಲ್ಲ. ತೋಟದಲ್ಲಿ ಗುಡಿಸಿ ಇಟ್ಟ ಬೆಂಕಿ ಆಚೆಗೂ ದಾಟುವುದಿಲ್ಲ. ಇದನ್ನೇ ಇಲಾಖೆಯವರು ಬೆಂಕಿರೇಖೆ ಎನ್ನುವುದು. ಬಂಡೀಪುರದಂಥ ಕಡೆ ಡಿಸೆಂಬರ್, ಜನವರಿಯಲ್ಲಿ ನೂರಾರು ಕಿಲೋಮೀಟರ್ ಉದ್ದಕ್ಕೆ ಇದನ್ನು ಮಾಡುತ್ತಾರೆ. ಮೈಮುರಿಯುವ ಕೆಲಸ. ಬಗ್ಗಿ ಕೊಯ್ಯಬೇಕು, ಕೊಯ್ದದ್ದನ್ನು ಒಣಗಲು ಬಿಡಬೇಕು, ಗಾಳಿ ತಗ್ಗಿದ ಹೊತ್ತಿನಲ್ಲಿ ಇಲಾಖೆಯವರ ಎದುರಿಗೇ ಸುಡಬೇಕು.

ಈ ಕೆಲಸದಲ್ಲಿ ಹುಡುಗರು ಕಾವಲುಗಾರನ ಪಕ್ಕದಲ್ಲಿ ದಿನವಿಡೀ ಇರುತ್ತಾರೆ. ಅವನ ಹೆಸರು ತಿಳಿಯುತ್ತದೆ, ಊಟದ ಹೊತ್ತಿನಲ್ಲಿ ಬುತ್ತಿ ಬಿಚ್ಚಿ ಒಟ್ಟಿಗೆ ಕೂರುತ್ತಾರೆ, ಅವನು ಗಾಳಿ ನೋಡುವ ಬಗೆ ಕಾಣುತ್ತದೆ, ಅವನ ಮಾತನ್ನು ಕೇಳಿ ಅಭ್ಯಾಸವಾಗುತ್ತದೆ. ತೋಟದ ಮಾಲೀಕನಿಗೂ ಇವರ ಮುಖ ಪರಿಚಯವಾಗುತ್ತದೆ. ಆಮೇಲೆ ಫೆಬ್ರುವರಿಯಲ್ಲಿ ನಿಜವಾಗಿ ಬೆಂಕಿ ಬಿದ್ದು, ಅವನು ಇಳೀರಿ ಅಂದರೆ ಇವರು ಇಳಿಯುತ್ತಾರೆ.

ಹಂದಿಗುಂದಿಯ ತಪ್ಪಲಿನ ಒಂದು ಬದಿಗಾದರೂ ಇದನ್ನು ಶುರುಮಾಡಲು ಸಂಕ್ರಾಂತಿ ಕಳೆದ ಮೇಲಿನ ಒಂದೆರಡು ಭಾನುವಾರ ಸಾಕು. ಕುಡುಗೋಲು ನಮ್ಮ ಮನೆಗಳಲ್ಲೇ ಇವೆ. ಕೇಳಬೇಕಾದ್ದು ವಲಯ ಅರಣ್ಯಾಧಿಕಾರಿಯ ಅನುಮತಿಯನ್ನು, ಬದುವಿನ ತೋಟದವರ ಒಪ್ಪಿಗೆಯನ್ನು. ಜೊತೆಗೆ ಆ ದಿನಗಳ ಕೂಲಿ ತಪ್ಪದಂತೆ ಕಾವಲುಗಾರನನ್ನು ನಮ್ಮ ಸಂಗಡ ಕಳಿಸಿಕೊಡಿ ಎಂದು.